ಬಯಲಮ್ಮನ ಉಕ್ಕಿನ ಎಲೆಗಳು

ಆಫೀಸಿನಲ್ಲಿ ಅವಳಿಗೆ ಬಯಲಮ್ಮ ಎಂದು ಹೆಸರು ಬಿದ್ದುಹೋಗಿತ್ತು. ಉಳಿದ ಆರ್ಕಿಟೆಕ್ಟುಗಳು ಕಟ್ಟಡಗಳ ನಕ್ಷೆ ಬರೆದರೆ, ಇವಳು ಕಟ್ಟಡಗಳ ನಡುವೆ ಉಳಿದ ಜಾಗದ ನಕ್ಷೆ ಬರೆಯುತ್ತಿದ್ದಳು. "ನಾವು ಹಣ್ಣು ತಿಂತೀವಿ, ಇವ್ರು ಸಿಪ್ಪೆಗೆ ಬಣ್ಣ ಹಚ್ತಾರೆ" ಎಂದು ಪಕ್ಕದ ಮೇಜಿನವರು ನಗುತ್ತಿದ್ದರು. ಅವಳೂ ನಗುತ್ತಿದ್ದಳು. ಆ ಹೆಸರು ಅವಳಿಗೆ ಒಳಗೊಳಗೇ ಇಷ್ಟವಾಗಿತ್ತು.

ಅವಳೂ ಅವಳ ಅಕ್ಕನೂ ಬೆಳೆದದ್ದು ಒಂದು ಮುದ್ರಣಾಲಯದ ಮೇಲಿನ ಎರಡು ಕೋಣೆಗಳಲ್ಲಿ. ಕೆಳಗೆ ಯಂತ್ರ ಓಡಿದರೆ ಮೇಲೆ ನೆಲ ನಡುಗಿ, ಲೋಟದೊಳಗಿನ ಚಮಚ ತಾನಾಗಿ ತಾಳ ಹಾಕುತ್ತಿತ್ತು. ಅಂಗಳವಿಲ್ಲ, ಜಗಲಿಯಿಲ್ಲ; ಇದ್ದದ್ದು ಎಲ್ಲ ಬಾಡಿಗೆದಾರರಿಗೂ ಸೇರಿದ ಒಂದು ತಾರಸಿ. ಓದು, ಜಗಳ, ರಾಜಿ ಎಲ್ಲವೂ ಅಲ್ಲೇ, ಒಣಹಾಕಿದ ಬಟ್ಟೆಗಳ ಸಂದಿಯಲ್ಲಿ. ಮುಂದೆ ಓದಿ ಕೆಲಸಕ್ಕೆ ಸೇರಿ, ಅಪಾರ್ಟ್‌ಮೆಂಟುಗಳ ಪಾರ್ಕಿಂಗ್ ಬರೆದು ಬರೆದು ಅವಳಿಗೆ ಸಾಕಾಗಿ ಹೋಗಿತ್ತು. ಅಂಥ ಹೊತ್ತಿನಲ್ಲಿ ನಗರಸಭೆಯಿಂದ ಕರೆ ಬಂತು. ಗ್ರಂಥಾಲಯಕ್ಕೂ ಬಸ್ ನಿಲ್ದಾಣಕ್ಕೂ ನಡುವೆ ಲಾರಿಗಳು ನಿಲ್ಲುತ್ತಿದ್ದ ಹಾಳು ಜಾಗವನ್ನು ಜನ ಬಂದು ಕೂರುವ ಹಾಗೆ ಮಾಡಿಕೊಡಬೇಕಂತೆ. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ ಎಂಬಂತಾಯಿತು.

ಅವಳು ಒಂದೇ ಒಂದು ಹಟ ಹಿಡಿದಳು. ಎಲ್ಲ ಕಟ್ಟಿ ಮುಗಿದ ಮೇಲೆ ಎಲ್ಲಿಂದಲೋ ಒಂದು ಮೂರ್ತಿ ತಂದು ನಡುವೆ ನಿಲ್ಲಿಸುವುದು ಬೇಡ. ಶಿಲ್ಪಿ ಮೊದಲ ಗೆರೆಯಿಂದಲೇ ಜೊತೆಗಿರಬೇಕು. ಹಾಗೆ ಬಂದವರು ಲೋಹದ ಕೆಲಸದಲ್ಲಿ ಪಳಗಿದ, ಬಿಳಿ ಗಡ್ಡದ, ಮೂಗಿನ ತುದಿಯಲ್ಲೇ ಕೋಪವಿದ್ದ ಹಿರಿಯರೊಬ್ಬರು. ಶುರುವಿನಲ್ಲಿ ಇಬ್ಬರದೂ ಎಣ್ಣೆ ಸೀಗೆಕಾಯಿ.

"ನನ್ನ ಶಿಲ್ಪದ ಮೇಲೆ ಜನ ಕೂರ್ತಾರೇನಮ್ಮ?"

"ಕೂರ್ಲಿ ಬಿಡಿ ಸರ್. ಮುಟ್ಟಬೇಡಿ ಅಂತ ಬೋರ್ಡ್ ಹಾಕಿದ್ರೆ ಅದು ಬಯಲಾಗಲ್ಲ, ಮ್ಯೂಸಿಯಂ ಆಗುತ್ತೆ."

ಕೊನೆಗೆ ಇಬ್ಬರೂ ಒಂದಿಷ್ಟು ಸೋತು, ಒಂದಿಷ್ಟು ಗೆದ್ದರು. ಮೂರು ಭಾರಿ ಉಕ್ಕಿನ ಎಲೆಗಳು ನೆಲದಿಂದೆದ್ದು ಒಳಮುಖವಾಗಿ ಬಾಗಿದವು. ಅವುಗಳ ಬುಡಕ್ಕೇ ಬೆಸೆದುಕೊಂಡು ಉದ್ದನೆಯ ಕಲ್ಲುಬೆಂಚು ಹರಿದುಬಂತು. ಅವರ ಕೆಲಸ ಎಲ್ಲಿ ಮುಗಿದು ಇವಳ ಕೆಲಸ ಎಲ್ಲಿ ಶುರುವಾಯಿತು ಎಂದು ಕೇಳಿದರೆ ಇಬ್ಬರಿಗೂ ಹೇಳಲು ಬರುತ್ತಿರಲಿಲ್ಲ. ಎಲೆಗಳನ್ನು ಶಿಲ್ಪಿ ಕನ್ನಡಿಯಂತೆ ಉಜ್ಜಿ ಹೊಳೆಯಿಸಿದ್ದರು. ಮಳೆಗಾಲದ ಕೊನೆಯಲ್ಲಿ ಬಯಲು ಜನರಿಗೆ ತೆರೆಯಿತು. ಉಕ್ಕಿನೊಳಗೆ ಮೋಡಗಳು ಓಡಾಡುವುದನ್ನು ನೋಡುತ್ತ ಜನ ಬಸ್ಸು ತಪ್ಪಿಸಿಕೊಂಡರು.

ಆಮೇಲೆ ಬಿಸಿಲು ಬಂತು.

ಫೋನ್ ಮಾಡಿದವರು ನಗರಸಭೆಯ ಎಂಜಿನಿಯರ್. "ಮೇಡಂ, ಸ್ವಲ್ಪ ಬೇಗ ಬನ್ನಿ. ಎದುರಿನ ಟೈಲರ್ ಅಂಗಡೀಲಿ ಬಟ್ಟೆ ಸುಟ್ಟಿದೆ."

ಅಂಗಡಿ ಇದ್ದದ್ದು ಎದುರಿನ ಕಟ್ಟಡದ ಮೊದಲ ಮಹಡಿಯಲ್ಲಿ. ಹೊಲಿಯುವ ಹೆಂಗಸು ಕತ್ತಿಗೆ ಇಳಿಬಿಟ್ಟ ಕನ್ನಡಕ ಏರಿಸಿಕೊಂಡು, ಅರ್ಧ ಹೊಲಿದ ಅಂಗಿಯೊಂದನ್ನು ಎತ್ತಿ ಹಿಡಿದಳು. ತೋಳಿನ ಮೇಲೆ ಕಂದು ಕಲೆ.

"ಇಸ್ತ್ರಿ ಪೆಟ್ಟಿಗೆ ಮರೆತು ಇಟ್ಟಿದ್ದಲ್ಲ ಕಣ್ರೀ. ಆ ನೂಲಿನ ಡಬ್ಬಿ ಮುಚ್ಚಳ ನೋಡಿ, ಹೇಗೆ ಸೊಟ್ಟಗಾಗಿದೆ. ಮಧ್ಯಾಹ್ನ ಆಯ್ತು ಅಂದ್ರೆ ನಿಮ್ಮ ಎಲೆಯಿಂದ ಬೆಂಕಿ ಬರುತ್ತೆ. ನನ್ನ ಕೈ ಅಲ್ಲಿದ್ದಿದ್ರೆ?"

ಬಯಲಮ್ಮನಿಗೆ ಕ್ಷಣದಲ್ಲಿ ಎಲ್ಲ ಅರ್ಥವಾಯಿತು. ಒಳಕ್ಕೆ ಬಾಗಿದ ಹೊಳಪಿನ ಎಲೆ ಬಿಸಿಲನ್ನು ಬೊಗಸೆಯಲ್ಲಿ ಹಿಡಿದಂತೆ ಹಿಡಿದು ಈ ಕಿಟಕಿಗೆ ಸುರಿಯುತ್ತಿತ್ತು. ನೆಲದ ಮೇಲೆ ನೆರಳು ಯಾವ ಹೊತ್ತಿಗೆ ಎಲ್ಲಿ ಬೀಳುತ್ತದೆಂದು ಅವಳು ಲೆಕ್ಕ ಹಾಕಿದ್ದಳು. ಬೆಳಕು ಪುಟಿದು ಎಲ್ಲಿಗೆ ಹೋಗುತ್ತದೆಂದು ಯೋಚಿಸಿರಲಿಲ್ಲ. ಶಿಲ್ಪಿಯೂ ಯೋಚಿಸಿರಲಿಲ್ಲ. ಆದರೆ ನಕ್ಷೆಗೆ ಸಹಿ ಅವಳದು.

ಅಂದು ಸಂಜೆಯೇ ಎಲೆಗಳಿಗೆ ನೀಲಿ ಟಾರ್ಪಾಲು ಹೊದಿಸಿದರು. "ಒಂದು ತಿಂಗಳಲ್ಲಿ ಸರಿ ಮಾಡಿ ಮೇಡಂ. ಆಗಲಿಲ್ಲ ಅಂದ್ರೆ ಕತ್ತರಿಸಿ ತೆಗೀಬೇಕಾಗುತ್ತೆ" ಎಂದು ಎಂಜಿನಿಯರ್ ಮುಖ ನೋಡದೆ ಹೇಳಿದರು. ಮನೆಯಲ್ಲಿ ಅಕ್ಕ, ನರ್ಸ್ ಆಗಿ ನಿವೃತ್ತಳಾದವಳು, ಎಲ್ಲ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದಳು. "ಯಾರಿಗೂ ಗಾಯ ಆಗಿಲ್ಲ ತಾನೆ? ಹಾಗಾದ್ರೆ ಇದಕ್ಕೆ ಔಷಧಿ ಇದೆ. ಮಲಗು."

ಶಿಲ್ಪಿ ಮಾತ್ರ ಜಗ್ಗಲಿಲ್ಲ. "ಹೊಳಪು ತೆಗೆದ್ರೆ ಉಳಿಯೋದು ತಗಡು. ಅವರಿಗೊಂದು ಪರದೆ ಹೊಲ್ಕೊಳ್ಳೋಕೆ ಹೇಳು, ಟೈಲರ್ ತಾನೆ?"

ಅವಳು ವಾದ ಮಾಡಲಿಲ್ಲ. ಮರುದಿನ ಅವರನ್ನು ಮಹಡಿ ಹತ್ತಿಸಿ, ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂರಿಸಿದಳು. ಕೆಳಗೆ ಕೆಲಸಗಾರರು ಒಂದು ಎಲೆಯ ಟಾರ್ಪಾಲು ಜಾರಿಸಿದರು. ಬೆಳಕಿನ ತುಂಡೊಂದು ಗೋಡೆಯ ಮೇಲೆ ತೆವಳುತ್ತ ಬಂತು. ಶಿಲ್ಪಿ ಅದರೊಳಗೆ ಅಂಗೈ ಒಡ್ಡಿದರು, ಚುರುಕ್ಕೆಂದು ಹಿಂದಕ್ಕೆ ಎಳೆದುಕೊಂಡರು. ಕೆಂಪಾದ ಅಂಗೈ ನೋಡಿಕೊಂಡರು.

"ತಪ್ಪಾಯ್ತು ತಾಯಿ" ಎಂದರು ಟೈಲರಮ್ಮನಿಗೆ.

ಅಲ್ಲಿಂದ ಮುಂದೆ ಬಯಲಮ್ಮನಿಗೂ ಶಿಲ್ಪಿಗೂ ಶಿಲ್ಪಿಯ ಕಾರ್ಖಾನೆಯೇ ಮನೆಯಾಯಿತು. ಉಕ್ಕಿನ ಚೂರುಗಳನ್ನು ಉಜ್ಜಿ ಮಂಕು ಮಾಡಿ ನೋಡಿದರು; ಬೂದಿ ಬಳಿದ ಮುಖದ ಹಾಗೆ ಕಂಡು ಶಿಲ್ಪಿ ಮುಖ ತಿರುಗಿಸಿಕೊಂಡರು. ಬಣ್ಣ ಹಚ್ಚಿದರು, ಕೆರೆದು ತೆಗೆದರು. ಎಲೆಯನ್ನೇ ತಿರುಗಿಸೋಣವೆಂದರೆ ಬೆಂಚು ಅದರೊಡನೆ ಒಂದಾಗಿತ್ತು. ಒಂದನ್ನು ಅಲುಗಿಸಿದರೆ ಇನ್ನೊಂದು ಒಡೆಯುತ್ತಿತ್ತು. ತಿಂಗಳು ಕರಗುತ್ತ ಬಂತು.

ಒಂದು ಮಧ್ಯಾಹ್ನ ಕೈ ತೊಳೆಯಲು ಹಿತ್ತಲಿಗೆ ಹೋದ ಬಯಲಮ್ಮ ನಲ್ಲಿ ಬಿಟ್ಟದ್ದನ್ನೇ ಮರೆತು ನಿಂತಳು. ಕಾಂಪೌಂಡ್ ಗೋಡೆಯ ಮೇಲೆ ಕಾಳು ಚೆಲ್ಲಿದಂತೆ ಬೆಳಕಿನ ಚುಕ್ಕೆಗಳು. ಕೆಳಗೆ ಗುಜರಿಯ ರಾಶಿಯಲ್ಲಿ, ಮೈಯೆಲ್ಲ ನೆಗ್ಗಿದ ಒಂದು ಉಕ್ಕಿನ ಹಾಳೆ.

"ಸರ್, ಇದೇನಿದು?" ಎಂದು ಒಳಗಿದ್ದ ಶಿಲ್ಪಿಯನ್ನು ಕೂಗಿ ಕರೆದಳು.

"ಲಾರಿಯಿಂದ ಬಿದ್ದಿದ್ದು. ಹಾಳಾಯ್ತು."

"ಹೊಳಪು ಹಾಳಾಗಿಲ್ವಲ್ಲ!"

ಅವಳು ಗೋಡೆಯ ಚುಕ್ಕೆಗಳ ಮೇಲೆ ಅಂಗೈ ಇಟ್ಟಳು. ತುಸು ಬೆಚ್ಚಗೆ, ಅಷ್ಟೇ. ಹಾಳೆಯ ಒಂದೊಂದು ನೆಗ್ಗೂ ಬಿಸಿಲನ್ನು ಒಂದೊಂದು ಕಡೆಗೆ ಚದುರಿಸಿತ್ತು. ಶಿಲ್ಪಿ ಗಡ್ಡ ನೀವಿಕೊಂಡರು. ಒಳಗೆ ಹೋಗಿ ಸುತ್ತಿಗೆ ತಂದು ಹಾಳೆಗೊಂದು ಏಟು ಹಾಕಿದರು. ಗೋಡೆಯ ಮೇಲೆ ದೊಡ್ಡ ಚುಕ್ಕೆಯೊಂದು ಒಡೆದು ಎರಡಾಯಿತು. ಇನ್ನೊಂದು ಏಟಿಗೆ ಮತ್ತೊಂದು. ಆಮೇಲೆ ಅವರನ್ನು ಹಿಡಿದು ನಿಲ್ಲಿಸುವವರೇ ಇರಲಿಲ್ಲ.

ಬಯಲಿನಲ್ಲಿ ಅಟ್ಟಣಿಗೆ ಎದ್ದಿತು. ಬೆಳಗಿಂದ ಸಂಜೆಯವರೆಗೆ ಠಣ್ ಠಣ್ ಸದ್ದು. "ಚೆನ್ನಾಗಿದ್ದಿದ್ದನ್ನ ಯಾಕೆ ಬಡೀತಿದಾರೆ?" ಎಂದು ಬಸ್ಸಿಗೆ ಕಾದಿದ್ದವರೊಬ್ಬರು ಕೇಳಿದರೆ, "ಹೇಳಿದ ಮಾತು ಕೇಳಲಿಲ್ಲವಂತೆ" ಎಂದು ಇನ್ನೊಬ್ಬರು ಉತ್ತರ ಕೊಟ್ಟರು. ಶಿಲ್ಪಿ ಮೇಲಿನಿಂದಲೇ ನಕ್ಕರು. ಅವರು ನಕ್ಕದ್ದನ್ನು ಬಯಲಮ್ಮ ಅದೇ ಮೊದಲು ಕಂಡದ್ದು.

ಪರೀಕ್ಷೆಯ ದಿನ ಆಕಾಶ ತೊಳೆದಿಟ್ಟಂತಿತ್ತು. ಎಂಜಿನಿಯರ್ ಉಷ್ಣಮಾಪಕ ಹಿಡಿದು ಅಂಗಡಿಯಲ್ಲಿ ನಿಂತರು. ಶಿಲ್ಪಿ ಮೇಲೆ ಬರಲು ಒಪ್ಪದೆ ಕೆಳಗೆ ಬೆಂಚಿನ ಮೇಲೆ ಬೆನ್ನು ತಿರುಗಿಸಿ ಕೂತರು. ಬಯಲಮ್ಮ ಕುರ್ಚಿಯಲ್ಲಿ ಕೂತು ಕಿಟಕಿಗೆ ಕೈ ಒಡ್ಡಿ ಕಾದಳು. ಬೆಳಕು ಬಂತು. ತುಂಡಾಗಿ ಅಲ್ಲ, ಪುಡಿಪುಡಿಯಾಗಿ. ಅವಳ ತೋಳಿನ ಮೇಲೆ, ಹೊಲಿಗೆ ಯಂತ್ರದ ಮೇಲೆ, ಛಾವಣಿಯ ಮೇಲೆ ಹರಡಿತು.

ಟೈಲರಮ್ಮ ತನ್ನ ಕೈಯನ್ನೂ ಒಡ್ಡಿದಳು, ಆ ಕಡೆ ಈ ಕಡೆ ತಿರುಗಿಸಿದಳು. "ಸುಡಲ್ಲ ಕಣ್ರೀ" ಎಂದಳು. ಎಂಜಿನಿಯರ್ ಉಷ್ಣಮಾಪಕ ನೋಡಿ ಸರಿಯಿದೆಯೆಂದು ತಲೆಯಾಡಿಸಿದರು.

ಬಯಲಮ್ಮ ಮೆಟ್ಟಿಲಿಳಿದು ರಸ್ತೆ ದಾಟಿ ಬಂದಳು. ಶಿಲ್ಪಿಯ ಪಕ್ಕ ಕೂತಳು. ಬಾಯಿ ತೆರೆದರೆ ಮಾತಿನ ಬದಲು ಅಳು ಬಂತು.

ಶಿಲ್ಪಿಯ ಮುಖ ಬಿಳುಚಿತು. "ಹೋಗ್ಲಿ ಬಿಡಮ್ಮ, ಅಳಬೇಡ. ಕತ್ತರಿಸಲಿ. ಇನ್ನೊಂದು ಮಾಡೋಣ."

"ಅಯ್ಯೋ, ಅದಲ್ಲ ಸರ್" ಎಂದಳು ಅವಳು ಮೂಗು ಒರೆಸಿಕೊಳ್ಳುತ್ತ. "ಸುಡ್ತಾ ಇಲ್ಲ. ಸ್ವಲ್ಪಾನೂ ಸುಡ್ತಾ ಇಲ್ಲ."

"ಅದನ್ನ ಮೊದಲೇ ಹೇಳಬಾರದೇನೇ!" ಎಂದು ಅವರು ರೇಗಿದ ದನಿಗೆ ಬೆಂಚಿನ ಆ ತುದಿಯಲ್ಲಿ ಪೇಪರ್ ಓದುತ್ತಿದ್ದವರು ಬೆಚ್ಚಿಬಿದ್ದರು.

ಅವಳು ಅದಾದ ಮೇಲೆ ಇನ್ನೂ ಅನೇಕ ಬಯಲುಗಳನ್ನು ಮಾಡಿದಳು. ಕೆಲಸ ಒಪ್ಪಿಕೊಳ್ಳುವ ಮೊದಲು ಸುತ್ತಲಿನ ಮನೆ ಅಂಗಡಿಗಳ ಮಹಡಿ ಹತ್ತಿ, ಕೇಳಿಕೊಂಡು, ಒಂದೊಂದು ಕಿಟಕಿಯಲ್ಲೂ ನಿಂತು ನೋಡುವುದು ರೂಢಿಯಾಯಿತು. ಆದರೆ ಪರೀಕ್ಷೆ ಗೆದ್ದ ಆ ದಿನ ಮಾತ್ರ ಅವಳು ಏನನ್ನೂ ಯೋಚಿಸಲಿಲ್ಲ. ಸೀದಾ ಮನೆಗೆ ಬಂದು ಚಪ್ಪಲಿ ಬಿಟ್ಟಳು. ಬಾಗಿಲು ತೆಗೆದ ಅಕ್ಕ ಮುಖ ನೋಡಿಯೇ ತಿಳಿದುಕೊಂಡು ಪಕ್ಕಕ್ಕೆ ಸರಿದಳು.

"ಅಕ್ಕಾ, ಏನಿದೆ ತಿನ್ನೋಕೆ? ಹೊಟ್ಟೆ ಹಸೀತಿದೆ."