ನೀರು ನಿಂತೈತೇನೊ, ತಮ್ಮಾ?

ನಾನು ನೌಕರಿಯಿಂದ ನಿವೃತ್ತನಾದ ಮೊದಲ ವರ್ಷ. ಎಳ್ಳಮಾವಾಸ್ಯೆಯ ದಿನ ಹೊಲದಲ್ಲಿ ಚರಗ ಚೆಲ್ಲಿ, ಅಂದರೆ ಭೂಮಿಗೆ ಎಡೆ ಕೊಟ್ಟು, ಎಲ್ಲರೂ ಕೂಡಿ ಊಟ ಮಾಡಿ, ಮರುದಿನ ನಾನು, ನನ್ನ ಹೆಂಡತಿ ಶಾಂತಾ, ನನ್ನ ಅಕ್ಕ ನೀಲವ್ವ ಮೂವರೂ ಮುಂಬೈ ನೋಡಲು ಹೊರಟೆವು. ಅಮಾವಾಸ್ಯೆಯಾದ ಮೂರನೆಯ ದಿನ ಬೆಳಿಗ್ಗೆ ಅಲ್ಲಿ ನಡೆದದ್ದನ್ನು, ನೆನಪಿದ್ದಷ್ಟು ಸರಿಯಾಗಿ, ಬರೆಯುತ್ತಿದ್ದೇನೆ.

ಮೊದಲು ನನ್ನ ಕೆಲಸದ ಬಗ್ಗೆ ಹೇಳಬೇಕು. ನಮ್ಮ ಊರು ಕೊಲ್ಹಾರ. ಮೊದಲು ಹೊಳೆಯ, ಆಣೆಕಟ್ಟು ತುಂಬಿದ ಮೇಲೆ ಆಲಮಟ್ಟಿ ಹಿನ್ನೀರಿನ ದಂಡೆಯಲ್ಲಿ ನೀರಿನ ಮಟ್ಟ ನೋಡಿ ಬರೆದುಕೊಳ್ಳುವುದು ನನ್ನ ಕೆಲಸವಾಗಿತ್ತು. ಗೇಜ್ ರೀಡರ್ ಎನ್ನುತ್ತಾರೆ. ಮೂವತ್ತೊಂದು ವರ್ಷ ಇದನ್ನೇ ಮಾಡಿದೆ. ನಮ್ಮ ಹಿನ್ನೀರು ಆಷಾಢ, ಶ್ರಾವಣದಲ್ಲಿ ಏರುತ್ತದೆ. ದೀಪಾವಳಿ ದಾಟಿದ ಮೇಲೆ ಇಳಿಯಲು ಹಿಡಿದರೆ ಮುಂದಿನ ಮಳೆಯ ತನಕ ಇಳಿಯುತ್ತಲೇ ಇರುತ್ತದೆ. ಇಳಿಯುವಾಗ ಕಲ್ಲಿನ ಮೇಲೆ ಒಂದು ಗೆರೆ ಬಿಟ್ಟು ಹೋಗುತ್ತದೆ. ಆ ಗೆರೆ ನೋಡಿದರೆ ಹೋದ ಮಳೆಗಾಲದಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತು ಎಂದು ಹೇಳಬಹುದು. ನೀರು ಏರುತ್ತಿದೆಯೋ ಇಳಿಯುತ್ತಿದೆಯೋ ಎಂದು ಅನುಮಾನ ಬಂದಾಗ ದಂಡೆಯ ಕಲ್ಲಿಗೆ ಒಂದು ಗುರುತು ಮಾಡಿ ಕಾಲು ಗಂಟೆ ಸುಮ್ಮನೆ ಕೂತು ನೋಡುತ್ತಿದ್ದೆ. ಹೀಗೆ ನೋಡಿ ಹೇಳಿದ್ದು ಒಮ್ಮೆಯೂ ತಪ್ಪಿರಲಿಲ್ಲ.

ಅಕ್ಕ ನನಗಿಂತ ಹತ್ತು ವರ್ಷ ದೊಡ್ಡವಳು. ಅವಳನ್ನು ಇಂಡಿ ತಾಲ್ಲೂಕಿನ ಗಡಿ ಊರು ಅಗರಖೇಡಕ್ಕೆ ಕೊಟ್ಟಿದ್ದರು. ನಾವು ಹುಟ್ಟಿದ ಮನೆ ಹಳೆ ಕೊಲ್ಹಾರದಲ್ಲಿತ್ತು. ಅದು ಈಗ ನೀರಿನಡಿ ಇದೆ. ಬೇಸಿಗೆಯಲ್ಲಿ ನೀರು ಪೂರಾ ಇಳಿದಾಗ ಮನೆಯ ಮುಂದಿನ ಕಟ್ಟೆ ಕೆಲವು ದಿನ ಹೊರಗೆ ಕಾಣುತ್ತದೆ. ಆಗ ಅಕ್ಕ ತಪ್ಪದೆ ಬಂದು, ಆ ಕಟ್ಟೆಯ ಮೇಲೆ ಕೂತು ಹೊಳೆಗೆ ಉಡಿ ತುಂಬುತ್ತಾಳೆ. ರವಿಕೆಯ ಖಣ, ಕೊಬ್ಬರಿ ಬಟ್ಟಲು, ಅರಿಷಿಣ, ಕುಂಕುಮ, ಹಸಿರು ಬಳೆ, ಒಂದು ಹಿಡಿ ಅಕ್ಕಿ. ನಾನು ಮುಂದೆ ಹೋಗಿ ಕೆಸರು, ನೀರು ನೋಡಬೇಕು. ಅವಳು ದಂಡೆಯಲ್ಲೇ ನಿಂತು, "ನೀರು ನಿಂತೈತೇನೊ, ತಮ್ಮಾ?" ಎಂದು ಕೇಳುತ್ತಾಳೆ. "ನಿಂತೈತಿ, ಬಾ" ಎಂದು ನಾನು ಹೇಳಿದ ಮೇಲೆಯೇ ಕಾಲಿಡುತ್ತಾಳೆ. ಅವಳಿಗೆ ಮೊಣಕಾಲು ನೋವು. ಈಜು ಬರುವುದಿಲ್ಲ. ನನಗೂ ಹೇಳಿಕೊಳ್ಳುವಷ್ಟು ಬರುವುದಿಲ್ಲ.

ಸಾಯುವುದರೊಳಗೆ ಒಮ್ಮೆ ಸಮುದ್ರಕ್ಕೆ ಉಡಿ ತುಂಬಬೇಕು ಎಂಬುದು ಅವಳ ಆಸೆ. ನಾನು, "ಅಕ್ಕಾ, ನಮ್ಮ ಹೊಳಿ ಮುಂಬೈ ಸಮುದ್ರಕ್ಕ ಹೋಗೂದಿಲ್ಲ. ಆಂಧ್ರದ ಕಡೆ ಹೋಗಿ ಬೀಳತೈತಿ" ಎಂದೆ. "ಎಲ್ಲಾ ನೀರೂ ಒಂದ ಅಲ್ಲೇನೊ? ದೊಡ್ಡ ಲೆಕ್ಕಾ ಹೇಳಾಕ ಬಂದಾನ" ಎಂದಳು. ಮಾತು ಅಲ್ಲಿಗೆ ಮುಗಿಯಿತು.

ಸೊಲ್ಲಾಪುರದಲ್ಲಿ ರೈಲು ಹತ್ತಿ ಮರುದಿನ ಬೆಳಿಗ್ಗೆ ಇಳಿದೆವು. ದಾದರಿನ ಬಳಿ ಒಂದು ಧರ್ಮಶಾಲೆಯಲ್ಲಿ ಖೋಲಿ ಸಿಕ್ಕಿತು. ಅವತ್ತು ಊರು ತಿರುಗಿದೆವು. ವಿ.ಟಿ. ಸ್ಟೇಷನ್ನಿನ ಗುಮ್ಮಟ, ಕಲ್ಲಿನಲ್ಲಿ ಕೆತ್ತಿದ ಪ್ರಾಣಿಗಳನ್ನು ನೋಡಿ ಶಾಂತಾಳಿಗೆ ಕತ್ತು ನೋವು ಬಂತು. ಗೇಟ್‌ವೇ ಮುಂದೆ ಅಕ್ಕ ಬಹಳ ಹೊತ್ತು ನಿಂತಳು.

"ಇಷ್ಟ ದೊಡ್ಡ ಅಗಸಿ ಕಟ್ಟ್ಯಾರ, ಬಾಗಲಾನ ಹಚ್ಚಿಲ್ಲಲ್ಲೊ ತಮ್ಮಾ. ಕಳ್ಳರು ಬಂದ್ರ?"

"ಕಟ್ಟಿದವ್ರ ಹಡಗದಾಗ ಬಂದವ್ರರಿ ಅಕ್ಕಾರ. ತಾವು ಬಂದಮ್ಯಾಲೆ ಬಾಗಲ ಯಾಕ ಹಚ್ಚತಾರ?" ಎಂದಳು ಶಾಂತಾ. ಇಬ್ಬರೂ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಪಕ್ಕದಲ್ಲಿ ಫೋಟೊ ತೆಗೆಸಿಕೊಳ್ಳುತ್ತಿದ್ದವರು ತಿರುಗಿ ನೋಡಿದರು.

ಮಧ್ಯಾಹ್ನ ಎರಡರ ಸುಮಾರಿಗೆ ಮರೀನ್ ಡ್ರೈವಿಗೆ ಬಂದೆವು. ನೀರು ಕಟ್ಟೆಯ ಕೆಳಗಿನ ಕಲ್ಲುಗಳನ್ನು ಮುಚ್ಚಿ ಬಡಿಯುತ್ತಿತ್ತು. ಉಡಿ ಅಲ್ಲಿಯೇ ತುಂಬಬಹುದಿತ್ತು. ಅಕ್ಕ ಒಪ್ಪಲಿಲ್ಲ. ಉಡಿ ಎಂದರೆ ಮೇಲಿನಿಂದ ಬಿಸಾಕುವುದಲ್ಲ, ನೀರಿನ ಪಕ್ಕ ಕೂತು ಇಡಬೇಕು ಎಂದಳು. ಪಶ್ಚಿಮದ ಕಡೆ ಮೀನುಗಾರರ ಓಣಿಯ ಹಿಂದೆ ಕಲ್ಲು ಹಾಸಿನ ದಂಡೆ ಇದೆ, ಬೆಳಿಗ್ಗೆ ಹೋದರೆ ನೀರಿನವರೆಗೆ ನಡೆದುಕೊಂಡೇ ಹೋಗಬಹುದು ಎಂದು ಧರ್ಮಶಾಲೆಯಲ್ಲಿ ಒಬ್ಬರು ಹೇಳಿದರು.

ಮರುದಿನ ಎಂಟು ಗಂಟೆಗೆ ಅಲ್ಲಿಗೆ ಮುಟ್ಟಿದೆವು. ಕರಿಕಲ್ಲು, ನಮ್ಮ ಕಡೆಯದೇ ಅನ್ನುವ ಹಾಗಿತ್ತು. ನೀರು ಬಹಳ ದೂರ ಹೋಗಿತ್ತು. ದಂಡೆಯಿಂದ ಸುಮಾರು ಇನ್ನೂರು ಹೆಜ್ಜೆ ಆಚೆ ಒಂದು ಎತ್ತರದ ಬಂಡೆ, ಅದರ ಆಚೆ ನೀರು. ದಂಡೆಗೂ ಬಂಡೆಗೂ ನಡುವೆ ತಗ್ಗು ಇತ್ತು. ತಗ್ಗಿನಲ್ಲಿ ಪಾಚಿ, ಅಲ್ಲಲ್ಲಿ ಪಾದ ಮುಳುಗುವಷ್ಟು ನೀರು, ಅಷ್ಟೆ. ಬಂಡೆಯ ಮೈಮೇಲೆ, ತುದಿಗೆ ಹತ್ತಿರ, ನನ್ನ ಎದೆಗಿಂತ ಮೇಲೆ ಒಂದು ಬಿಳಿ ಗೆರೆ ಇತ್ತು. ನಾನು ಅದನ್ನು ನೋಡಿದೆ. ಹೋದ ಮಳೆಗಾಲದ ಗೆರೆ ಎಂದು ಓದಿಕೊಂಡೆ.

ಉಬ್ಬರ, ಇಳಿತ ಎಂಬುದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಸಾಲಿಯ ಪುಸ್ತಕದಲ್ಲಿ ಚಂದ್ರನ ಚಿತ್ರ ಹಾಕಿ ಕೊಟ್ಟಿದ್ದರು, ಪರೀಕ್ಷೆಯಲ್ಲಿ ಬರೆದೂ ಇದ್ದೆ. ಆದರೆ ನೀರಿನ ಮುಂದೆ ನಿಂತಾಗ ನನಗೆ ನೆನಪಾಗುವುದು ಕೆಲಸ. ಪುಷ್ಯ ಮಾಸದಲ್ಲಿ ನೀರು ಏರುವುದನ್ನು ಮೂವತ್ತೊಂದು ವರ್ಷದಲ್ಲಿ ಒಮ್ಮೆಯೂ ಕಂಡಿರಲಿಲ್ಲ.

ತಗ್ಗಿನಲ್ಲಿ ಒಬ್ಬ ಹೆಂಗಸು ಬಗ್ಗಿ ಕೂತು, ಸಣ್ಣ ಕಬ್ಬಿಣದ ಮೊನೆಯಿಂದ ಕಲ್ಲಿಗೆ ಅಂಟಿದ ಚಿಪ್ಪುಗಳನ್ನು ಕಿತ್ತು ಬುಟ್ಟಿಗೆ ಹಾಕುತ್ತಿದ್ದಳು. ನಲವತ್ತೈದು ಇರಬಹುದು. ಮೀನುಗಾರರ ಹೆಂಗಸು, ಕಚ್ಚೆ ಹಾಕಿ ಸೀರೆ ಉಟ್ಟಿದ್ದಳು. ನಾನು ಮುಂದೆ ಇದ್ದೆ. ಅಕ್ಕ ಶಾಂತಾಳ ತೋಳು ಹಿಡಿದು ಹಿಂದೆ ನಿಧಾನ ಬರುತ್ತಿದ್ದಳು. ಆ ಹೆಂಗಸು ತಲೆ ಎತ್ತಿ, "ಕಾಕಾ, ಫಾರ ವೇಳ ಬಸೂ ನಕಾ. ಪಾಣೀ ಫಿರೇಲ" ಎಂದಳು. ಬಹಳ ಹೊತ್ತು ಕೂರಬೇಡಿ, ನೀರು ತಿರುಗುತ್ತದೆ ಎಂದು. ನನಗೆ ಅರ್ಥವಾಯಿತು. ನಮ್ಮ ಕಡೆ ಮರಾಠಿ ಅಷ್ಟಿಷ್ಟು ಎಲ್ಲರಿಗೂ ಬರುತ್ತದೆ. ಮೂವತ್ತೊಂದು ವರ್ಷ ನೀರು ನೋಡಿದವನು ನಾನು ಎಂದು ಅವಳ ಭಾಷೆಯಲ್ಲೇ ಹೇಳಿದೆ. ಅವಳು ನಕ್ಕು ಮತ್ತೆ ಚಿಪ್ಪು ಕೀಳಲು ಬಗ್ಗಿದಳು.

ಈ ಮಾತನ್ನು ನಾನು ಹಿಂದೆ ಬರುತ್ತಿದ್ದವರಿಗೆ ಹೇಳಲಿಲ್ಲ.

ಬಂಡೆ ಹತ್ತಿ, ಎಲೆ ಅಡಿಕೆಯ ಡಬ್ಬಿಯಿಂದ ಬೆರಳಿಗೆ ಸುಣ್ಣ ಹಚ್ಚಿಕೊಂಡು, ಅಲೆ ಬಂದು ಮುಟ್ಟುವ ಕಲ್ಲಿನ ಮೇಲೆ ಗುರುತು ಮಾಡಿದೆ. ಗಡಿಯಾರ ನೋಡಿದೆ. ಎಂಟೂ ಇಪ್ಪತ್ತು. ಕಾಲು ಗಂಟೆ ಕೂತೆ. ಅಲೆಗಳು ಬರುತ್ತಿದ್ದವು, ಹೋಗುತ್ತಿದ್ದವು. ಗುರುತಿನ ಮೇಲೆ ಬರಲಿಲ್ಲ, ಕೆಳಗೂ ಹೋಗಲಿಲ್ಲ. ಪೂರಾ ಇಳಿದ ನೀರು ತಿರುಗುವ ಮೊದಲು ಸ್ವಲ್ಪ ಹೊತ್ತು ಹಾಗೆ ನಿಲ್ಲುತ್ತದೆ ಎಂಬುದು ನನಗೆ ಆಮೇಲೆ ತಿಳಿಯಿತು. ಎಲ್ಲಕ್ಕಿಂತ ಕೆಟ್ಟ ಹೊತ್ತಿನಲ್ಲಿ ನಾನು ಗಡಿಯಾರ ನೋಡಿದ್ದೆ.

ಬಂಡೆಯ ಕೆಳಗಿನಿಂದ ಅಕ್ಕ ಕೇಳಿದಳು: "ನೀರು ನಿಂತೈತೇನೊ, ತಮ್ಮಾ?"

"ನಿಂತೈತಿ, ಬಾ."

ಅಕ್ಕ ಉಡಿಯ ಸಾಮಾನುಗಳನ್ನು ಒಂದೊಂದಾಗಿ ತೆಗೆದಿಟ್ಟಳು. ಚರಗದ ದಿನದ ಎರಡು ಸಜ್ಜಿ ಕಡಬನ್ನೂ ಬಟ್ಟೆಯಲ್ಲಿ ಕಟ್ಟಿ ತಂದಿದ್ದಳು. "ಹೊಲಕ್ಕ ಕೊಟ್ಟೇವಿ, ಹೊಳಿಗೆ ಕೊಟ್ಟೇವಿ, ಇಕೀಗೂ ಇರಲಿ" ಎಂದಳು. ಅವಳಿಗೆ ಅವಸರವಿರಲಿಲ್ಲ. ಹಾಡು ಹೇಳಿದಳು, ಅತ್ತಳು, ಅಗರಖೇಡದ ಮನೆಯವರ ಹೆಸರುಗಳನ್ನು ಒಬ್ಬೊಬ್ಬರದಾಗಿ ಹೇಳಿ ಕೈಮುಗಿದಳು. ನಡುವೆ ಆ ಹೆಂಗಸು ಬುಟ್ಟಿ ತಲೆಯ ಮೇಲಿಟ್ಟುಕೊಂಡು ದಂಡೆಯ ಕಡೆ ಹೋಗುತ್ತಾ ಏನೋ ಕೂಗಿದಳು. ನಾನು ಆಗಲಿ ಎಂದು ಕೈ ಬೀಸಿದೆ. ಆಮೇಲೆ ಮೂವರೂ ಕೂತು ರೊಟ್ಟಿ, ಶೇಂಗಾ ಹಿಂಡಿ ತಿಂದೆವು. ನಮ್ಮ ಮುಖ ಸಮುದ್ರದ ಕಡೆ ಇತ್ತು. ಗುರುತಿನ ಕಲ್ಲು ಮುಳುಗಿದ್ದನ್ನು ನಾನು ನೋಡಿದೆ, ಆದರೆ ಬಂಡೆ ಎತ್ತರವಿದೆ, ಅವಸರವೇನಿಲ್ಲ ಎಂದುಕೊಂಡೆ.

ಶಾಂತಾ ಕೈ ತೊಳೆಯಲು ಎದ್ದು ಹಿಂದೆ ತಿರುಗಿದಳು. "ಏನ್ರೀ," ಎಂದಳು. "ನಾವ್ ಬಂದ ದಾರಿ ಎಲ್ಲೈತ್ರಿ?"

ತಗ್ಗು ಇರಲಿಲ್ಲ. ದಂಡೆಗೂ ನಮಗೂ ನಡುವೆ ಉದ್ದಕ್ಕೂ ನೀರು. ಸದ್ದಿಲ್ಲ, ಅಲೆಯಿಲ್ಲ, ಕೆರೆಯ ಹಾಗೆ ತುಂಬಿಕೊಂಡಿತ್ತು. ಹಿನ್ನೀರು ಹೊಲವನ್ನು ಹಿಡಿಯುವುದು ಹೀಗೆಯೇ. ಮುಂದಿನಿಂದ ಬರುವುದಿಲ್ಲ, ಬೆನ್ನ ಹಿಂದಿನ ಹಳ್ಳದಲ್ಲಿ ಏರಿ ಬರುತ್ತದೆ. ಇದನ್ನು ನಾನು ಎಷ್ಟೋ ರೈತರಿಗೆ ಹೇಳಿ ಎಬ್ಬಿಸಿ ಕಳಿಸಿದ್ದೇನೆ.

ಸಮಯ ಹತ್ತಾಗಿರಲಿಲ್ಲ. ಬಂಡೆಯ ಬಿಳಿ ಗೆರೆ ನಾವು ಕೂತ ಜಾಗಕ್ಕಿಂತ ಮೇಲಿದೆ ಎಂದು ಆಗ ನೆನಪಾಯಿತು. ಇಲ್ಲಿಯೇ ನಿಂತರೆ ಏನಾಗುತ್ತದೆ ಎಂಬುದನ್ನು ಆ ಗೆರೆ ಬೆಳಿಗ್ಗೆಯೇ ಹೇಳಿತ್ತು.

"ನಡೀರಿ," ಎಂದೆ. ನಾನು ಅಕ್ಕನ ಬಲಗೈ ಹಿಡಿದೆ, ಶಾಂತಾ ಎಡಗೈ. ಇಳಿದಾಗ ನೀರು ಮೊಣಕಾಲಿಗಿತ್ತು. ದಂಡೆ ಎದುರಿಗೇ ಕಾಣುತ್ತಿತ್ತು. ನೇರ ಹೊರಟೆ. ಇಪ್ಪತ್ತು ಹೆಜ್ಜೆಗೆ ನೀರು ಸೊಂಟಕ್ಕೆ ಬಂತು. ಅಕ್ಕನ ಏದುಸಿರು ಕೇಳುತ್ತಿತ್ತು.

ದಂಡೆಯಿಂದ ಕಿರುಚಿದ್ದು ಕೇಳಿಸಿತು. "ತಿಕಡೇ ನಕೋ! ಖಡ್ಡಾ ಆಹೇ!" ಅದೇ ಹೆಂಗಸು. ಆ ಕಡೆ ಬೇಡ, ಗುಂಡಿ ಇದೆ ಎನ್ನುತ್ತಿದ್ದಳು. ಬುಟ್ಟಿ ಕೆಳಗಿಟ್ಟು ನೀರಿಗಿಳಿದಳು. ಆದರೆ ನಮ್ಮ ಕಡೆ ನೇರ ಬರಲಿಲ್ಲ. ಎಡಕ್ಕೆ ಬಹಳ ದೂರ ಹೋಗಿ, ಅಲ್ಲಿಂದ ಸುತ್ತಿಕೊಂಡು ಬರುತ್ತಿದ್ದಳು. ಅವಳಿಗೆ ನೀರು ತೊಡೆಗಿಂತ ಮೇಲೆ ಬರಲಿಲ್ಲ. ನೀರಿನ ಕೆಳಗೆ ಕಲ್ಲಿನ ಏರು ಇತ್ತು, ಅದು ಅವಳಿಗೆ ಗೊತ್ತಿತ್ತು.

ನಾನು ನಿಂತೆ. ನಿಂತಾಗಲೇ ಅಕ್ಕನ ಕಾಲು ಪಾಚಿಯ ಮೇಲೆ ಜಾರಿತು. ಶಾಂತಾಳ ಹಿಡಿತ ಮೊದಲು ಬಿಟ್ಟಿತು, ಆಮೇಲೆ ನನ್ನದು. ಅಕ್ಕನ ತಲೆ ನೀರಿನೊಳಗೆ ಹೋಯಿತು. ಅವಳ ಕೈಯಿಂದ ಜಾರಿದ ಒಂದು ಹಸಿರು ಬಳೆ ನನ್ನ ಬೆರಳಿನಲ್ಲಿ ಉಳಿಯಿತು. ನನ್ನ ಕೈ ಎಷ್ಟು ಹೊತ್ತು ಖಾಲಿ ಇತ್ತು ಎಂದು ಹೇಳಲಾರೆ. ಹಿಂದೆ ಬಂಡೆಗೆ ಎರಡು ಅಲೆ ಬಡಿದದ್ದು ಕೇಳಿಸಿತು. ಅದು ಗೊತ್ತಿದೆ.

ಆ ಹೆಂಗಸು ಅಕ್ಕನ ತುರುಬು ಹಿಡಿದು ಮೇಲಕ್ಕೆತ್ತಿದಳು. ಒಂದು ತೋಳನ್ನು ಬೆನ್ನ ಹಿಂದಿನಿಂದ ಹಾಕಿ ತಬ್ಬಿಕೊಂಡು, ನಮಗೆ ತನ್ನ ಹಿಂದೆಯೇ ಹೆಜ್ಜೆಯ ಮೇಲೆ ಹೆಜ್ಜೆ ಇಟ್ಟು ಬನ್ನಿ ಎಂದಳು. ಮೊದಲು ಸಮುದ್ರದ ಕಡೆಗೇ ಕರೆದುಕೊಂಡು ಹೋದಳು. ದಂಡೆಗೆ ಬೆನ್ನು ಹಾಕಿ ನಡೆಯಲು ನನ್ನ ಕಾಲು ಒಪ್ಪಲಿಲ್ಲ. ಅವಳು ಹಿಂತಿರುಗಿ ನೋಡಿ ಬೈದಳು. ನಡೆದೆ. ಏರು ಸಿಕ್ಕಿತು. ಅಲ್ಲಿಂದ ಎಡಕ್ಕೆ, ಆಮೇಲೆ ದಂಡೆಗೆ.

ಅಕ್ಕ ಉಪ್ಪುನೀರು ಕಾರಿಕೊಂಡಳು. ಶಾಂತಾ ಅವಳ ಬೆನ್ನು ತಿಕ್ಕುತ್ತಾ ಅಳುತ್ತಿದ್ದಳು. ನಾನು ಬಂಡೆಯ ಕಡೆ ನೋಡುತ್ತಾ ನಿಂತಿದ್ದೆ. ನಾವು ಕೂತಿದ್ದ ಜಾಗ ಮುಳುಗಿತ್ತು, ಬಂಡೆಯ ಮೇಲ್ಭಾಗ ಮಾತ್ರ ಕಾಣುತ್ತಿತ್ತು.

ಆ ಹೆಂಗಸು ಸೀರೆಯ ಅಂಚು ಹಿಂಡಿಕೊಳ್ಳುತ್ತಾ, ಮೂವತ್ತೊಂದು ವರ್ಷ ಯಾವ ನೀರು ನೋಡಿದಿರಿ ಕಾಕಾ, ಎಂದು ಕೇಳಿದಳು. ಆಣೆಕಟ್ಟಿನದು ಎಂದೆ. ಅವಳು ಸ್ವಲ್ಪ ಯೋಚಿಸಿ, ಅದು ಕಟ್ಟಿ ಹಾಕಿದ ನೀರು, ಇದು ಬಿಟ್ಟದ್ದು ಎಂದಳು. ಅಕ್ಕ ಅಷ್ಟರಲ್ಲಿ ತಲೆ ಎತ್ತಿ ಅವಳನ್ನು ನೋಡಿದಳು. ಉಡಿ ತುಂಬಿ ಉಳಿದಿದ್ದ ಒಂದು ಖಣ ಅಕ್ಕನ ಚೀಲದಲ್ಲಿ ಒದ್ದೆಯಾಗಿತ್ತು. ಅದನ್ನು ಹಿಂಡಿ, ಆ ಹೆಂಗಸಿನ ಸೆರಗಿಗೆ ಹಾಕಿದಳು. ಅವಳು ಬೇಡ ಎನ್ನಲಿಲ್ಲ. ಹಣೆಗೆ ಮುಟ್ಟಿಸಿಕೊಂಡು ಬುಟ್ಟಿ ಎತ್ತಿಕೊಂಡು ಹೋದಳು. ನಾವು ಹೆಸರು ಕೇಳಲಿಲ್ಲ. ಕೇಳಬೇಕು ಎಂದು ತೋಚಿದ್ದು ರೈಲಿನಲ್ಲಿ ಕೂತ ಮೇಲೆ.

ಅದೇ ಬೇಸಿಗೆ ಅಕ್ಕ ಕೊಲ್ಹಾರಕ್ಕೆ ಬಂದಳು. ಹಳೆಯ ಮನೆಯ ಕಟ್ಟೆ ಹೊರಬಿದ್ದಿತ್ತು. ದಂಡೆಗೆ ಹೋಗುವ ದಾರಿಯಲ್ಲಿ, ನಾಲ್ಕು ತಿಂಗಳಿನಿಂದ ಹೊಟ್ಟೆಯಲ್ಲಿಟ್ಟುಕೊಂಡಿದ್ದನ್ನು ಹೇಳಿದೆ.

"ಅಕ್ಕಾ, ಅವತ್ತ ಆಕಿ ನನಗ ಮೊದಲ ಹೇಳಿದ್ಳು. ನೀರು ತಿರಗತೈತಿ, ಭಾಳ ಹೊತ್ತ ಕೂಡಬ್ಯಾಡ್ರಿ ಅಂತ. ನಾ ನಿಮಗ ಹೇಳಲಿಲ್ಲ."

"ನಾನೂ ಕೇಳೇನಿ ಬಿಡೊ. ಅಗರಖೇಡದಾಗ ಐವತ್ತ ವರ್ಷ ಬಾಳೇ ಮಾಡೇನಿ, ನನಗ ಮರಾಠಿ ತಿಳಿಯೂದಿಲ್ಲೇನ?"

"ಮತ್ತ ಯಾಕ ಆ ಕಲ್ಲ ಹತ್ತಿದಿ?"

"ನೀ ನೋಡಿ ಹೇಳಿದೆಲ್ಲಾ, ನಿಂತೈತಿ ಅಂತ."

ಅವಳು ಉಡಿಯ ಚೀಲ ಎಡಗೈಗೆ ಬದಲಿಸಿಕೊಂಡು ನಡೆದಳು. ಬೈದಿದ್ದರೆ ನಾನು ಇಷ್ಟು ಹೊತ್ತಿಗೆ ಮರೆಯುತ್ತಿದ್ದೆನೋ ಏನೋ.

ದಂಡೆಯಲ್ಲಿ ಎಂದಿನಂತೆ ನಿಂತು ಕೇಳಿದಳು: "ನೀರು ನಿಂತೈತೇನೊ, ತಮ್ಮಾ?"

ನಾನು ಕಲ್ಲಿಗೆ ಗುರುತು ಮಾಡಿದ್ದೆ, ಕಾಲು ಗಂಟೆ ಕೂತಿದ್ದೆ. ಆದರೂ ಎದ್ದು ಹಿಂದೆ ತಿರುಗಿ ಹಳ್ಳದ ಕಡೆ ನೋಡಿದೆ. ಅಲ್ಲಿ ಕೆಸರು ಒಣಗಿ ಬಿರುಕು ಬಿಟ್ಟಿತ್ತು. ವಾಪಸ್ ಬಂದು ಅವಳ ಎರಡೂ ಕೈ ಹಿಡಿದುಕೊಂಡೆ.

"ನಾನೂ ಜೋಡಿ ಬರ್ತೇನಿ, ನಡಿ" ಎಂದೆ.