ಸೈ ಅಂದವರು ಮೊದಲು ಹತ್ತಬೇಕು

ವಿಮಾನಗಳು ಹಾರಲು ಯೋಗ್ಯವೋ ಇಲ್ಲವೋ ಎಂದು ಪರೀಕ್ಷಿಸುವ ಸರ್ಕಾರಿ ಕೆಲಸದಲ್ಲಿ ತಲೆ ನರೆಸಿಕೊಂಡು, ಎಪ್ಪತ್ತರ ದಶಕದಲ್ಲಿ ನಿವೃತ್ತನಾಗಿ ಯಲ್ಲದಕೆರೆಗೆ ಬಂದೆ. ಮೂರನೇ ದಿನವೇ ಪಕ್ಕದ ಮನೆಯ ಕುರಿಗಾರ ಈರಣ್ಣ ಹೊಸ ಎತ್ತಿನ ಗಾಡಿಯೊಂದನ್ನು ನನ್ನ ಬಾಗಿಲಿಗೆ ತಂದು ನಿಲ್ಲಿಸಿದ.

“ಹರಿಯಬ್ಬೆಗೆ ಮಗಳ ದಿಬ್ಬಣ ಹೊಂಡ್ಬೇಕು ಸಾಮಿ. ಗಾಡಿ ಒಂಚೂರು ನೋಡಿ ಸೈ ಅನ್ರಿ.”

ಗಾಡಿಯ ವಿಷಯ ನನಗೇನು ಗೊತ್ತು? ಆದರೂ ಚಾಳಿ ಬಿಡಬೇಕಲ್ಲ! ಕನ್ನಡಕ ಏರಿಸಿ, ಅಚ್ಚಿನ ಕೆಳಗೆ ತೂರಿ, ಚಕ್ರ ಕಳಚದಂತೆ ಹಿಡಿಯುವ ಕಡಾಣಿಯನ್ನು ಅಲುಗಾಡಿಸಿ ಅರ್ಧ ಗಂಟೆ ತಿಣುಕಿದೆ. ಮದುಮಗಳು ಬೇವಿನ ನೆರಳಲ್ಲಿ ಕೂತು ಆಕಳಿಸುತ್ತಿದ್ದಳು. ಮುಹೂರ್ತ ಮೀರುತ್ತದೆಂದು ಹೆಂಗಸರು ಗೊಣಗತೊಡಗಿದಾಗ ಎದ್ದು, “ಸರಿಯಾಗಿದೆ, ಹೊರಡಬಹುದು” ಎಂದು ಗಂಭೀರವಾಗಿ ತೀರ್ಪು ಕೊಟ್ಟೆ.

“ಹಂಗಾರೆ ಹತ್ರಿ.”

“ನಾನ್ಯಾಕಪ್ಪ?”

“ಸೈ ಅಂದೋರು ಮೊದ್ಲು ಕುಂತು ಊರು ಒಂದು ಸುತ್ತು ಬರ್ಬೇಕು. ಬಡಗಿ ಆದ್ರೂ ಅಷ್ಟೇ, ಹೆಂಡ್ರು ಮಕ್ಕಳ್ನ ಕೂರಿಸ್ಕಂಡು ಬರ್ತಾನೆ. ನಿಮ್ಮ ಇಮಾನದಾಗೆ ಹಂಗಿರ್ಲಿಲ್ವಾ?”

ಇರಲಿಲ್ಲ ಎಂದೆ.

“ಹಂಗಾರೆ ಅವು ಹಾರಿದ್ದೇ ದೊಡ್ದು ಬಿಡ್ರಿ.”

ಗಾಡಿ ಹತ್ತಿ ಎರಡೂ ಕೈಯಿಂದ ಗೂಟ ಹಿಡಿದೆ. ಮದುವೆ ಗಂಡನ್ನು ನೋಡುವಂತೆ ಊರೆಲ್ಲ ಬಾಗಿಲಿಗೆ ಬಂದು ನನ್ನನ್ನು ನೋಡಿತು. ಪುಣ್ಯಕ್ಕೆ ಚಕ್ರ ಕಳಚಲಿಲ್ಲ.

ಇಳಿಸಿಕೊಳ್ಳುತ್ತ ಈರಣ್ಣ ಕೇಳಿದ: “ಡೆಲ್ಲಿಯಿಂದ ಇಮಾನದಾಗೇ ಬಂದ್ರಾ ಸಾಮಿ?”

ಹೂಂ ಎಂದೆ. ನಿವೃತ್ತಿಯ ದಿನ ಕಚೇರಿಯವರು ಕೊಟ್ಟ ವಿಮಾನದ ಟಿಕೇಟನ್ನು ವಾಪಸು ಮಾಡಿ, ರೈಲಿನಲ್ಲಿ ಬಂದಿದ್ದು ನನಗೂ ನನ್ನ ಹೆಂಡತಿಗೂ ಮಾತ್ರ ಗೊತ್ತು.