ಹಲಗೆಯ ಮೇಲೆ ಬರೆದ ದರ

ಮೊಮ್ಮಗಳು ಅಟ್ಟ ಹತ್ತಿದ್ದು ತನ್ನ ಹಳೆಯ ಪುಸ್ತಕ ಹುಡುಕಲು. ಇಳಿಸಿದ್ದು ಮಾತ್ರ ಒಂದು ಕರಿ ಹಲಗೆ. ಆಳೆತ್ತರದ್ದು, ಒಂದು ಮೂಲೆಯನ್ನು ಇಲಿ ಕಡಿದದ್ದು. ಅಂಗಳಕ್ಕೆ ತಂದು ಹಸಿ ಬಟ್ಟೆಯಿಂದ ಒರೆಸಿದಳು. ದೀಪದ ಮಸಿ ಮತ್ತು ಅಗಸೆ ಎಣ್ಣೆಯ ವಾಸನೆ ಎದ್ದಿತು. ಐವತ್ತು ವರ್ಷದ ಮೇಲಾಯಿತು... ಇಷ್ಟು ಹೊತ್ತಿಗೆ ಹೋಗಿರಬೇಕು ಎಂದುಕೊಂಡಿದ್ದೆ, ಹೋಗಿಲ್ಲ.

"ಅಜ್ಜಾ, ಇದು ಯಾವ ಸಾಲೀದು?" ಎಂದಳು. ಸಾಲೆಯದಲ್ಲ, ಅಂಗಡಿಯದು ಎಂದೆ. ಅವಳು ಪುಣೆಯಲ್ಲಿ ಎಂ.ಬಿ.ಎ. ಓದುತ್ತಾಳೆ. ಎರಡು ವರ್ಷ ವ್ಯಾಪಾರ ಕಲಿಸುತ್ತಾರಂತೆ, ತಕ್ಕಡಿಯನ್ನು ಒಮ್ಮೆಯೂ ಮುಟ್ಟಿಸದೆ! ನಾನು ಹೀಗೆ ಚೇಷ್ಟೆ ಮಾಡಿದಾಗಲೆಲ್ಲ ನಗುತ್ತಾಳೆ. ಅಂದು ನಗಲಿಲ್ಲ. ಅಂಗಡಿಗೆ ಕರಿ ಹಲಗೆ ಯಾಕೆ ಎಂದು ಕೇಳಿ, ಎದುರಿಗೆ ಕಟ್ಟೆಯ ಮೇಲೆ ಕುಳಿತೇ ಬಿಟ್ಟಳು.

ಅದನ್ನು ಹೇಳಬೇಕೆಂದರೆ ನಮ್ಮ ಬಾಜೂ ಅಂಗಡಿಯ ಅಣ್ಣನ ಬಗ್ಗೆ ಹೇಳಬೇಕು. ಅವನು ನನ್ನ ಒಡಹುಟ್ಟಿದವನಲ್ಲ. ನನಗಿಂತ ಎರಡು ವರ್ಷಕ್ಕೆ ದೊಡ್ಡವನು, ಜೈನರ ಮನೆಯವನು. ಮೂಡಲಗಿ ಪೇಟೆಯಲ್ಲಿ ನಮ್ಮದೂ ಅವರದೂ ಬೆಲ್ಲದ ದಲಾಲಿ ಅಂಗಡಿ, ನಡುವೆ ಒಂದೇ ಗೋಡೆ. ರೈತರು ಚಕ್ಕಡಿ ಕಟ್ಟಿಕೊಂಡು ಬೆಲ್ಲ ತರುತ್ತಿದ್ದರು. ಹೊರಗಿನ ಖರೀದಿದಾರರು ಬರುತ್ತಿದ್ದರು. ನಡುವೆ ನಿಂತು ವ್ಯಾಪಾರ ಕುದುರಿಸುವವರು ನಾವು.

ಕುದುರಿಸುವುದು ಬಾಯಿಂದಲ್ಲ. ಹೆಗಲ ಮೇಲಿನ ವಲ್ಲಿಯನ್ನು ಕೈಮೇಲೆ ಹೊದಿಸಿಕೊಂಡು, ಅದರ ಕೆಳಗೆ ಖರೀದಿದಾರನ ಬೆರಳು ಹಿಡಿಯುವುದು. ಎಷ್ಟು ಬೆರಳು, ಎಲ್ಲಿ ಒತ್ತಿದ್ದು, ಅದೇ ದರ. ಸುತ್ತ ಹತ್ತು ಜನ ನಿಂತಿದ್ದರೂ ತಿಳಿಯುತ್ತಿರಲಿಲ್ಲ. ವ್ಯಾಪಾರ ಮುಗಿದ ಮೇಲೆ ಬೆಲ್ಲದ ಒಡೆಯನ ಕಿವಿಯಲ್ಲಿ ದರ ಹೇಳುತ್ತಿದ್ದೆವು. ಹೇಳಿದ ದರವೂ ಹಿಡಿದ ದರವೂ ಒಂದೇ ಆಗಿರುತ್ತಿತ್ತೇ? ಎಲ್ಲ ಸಲ ಇಲ್ಲ. ಈ ವಯಸ್ಸಿನಲ್ಲಿ ಸುಳ್ಳು ಹೇಳಿ ನನಗೇನು ಸಿಗಬೇಕು!

ಅಣ್ಣ ಮ್ಯಾಟ್ರಿಕ್ ಆದ ಮೇಲೆ ಮುಂಬೈಗೆ ಹೋದ, ಕಾಮರ್ಸ್ ಕಾಲೇಜಿಗೆ. ನಮ್ಮ ಪೇಟೆಯಿಂದ ಆ ಓದಿಗೆ ಹೋದವನು ಅವನೊಬ್ಬನೇ. ನನಗೂ ಆಸೆಯಿತ್ತು. ಮ್ಯಾಟ್ರಿಕ್ಕಿನಲ್ಲಿ ನನ್ನ ಅಂಕ ಅವನಿಗಿಂತ ಹೆಚ್ಚೇ ಇದ್ದವು. ಆದರೆ ನಮ್ಮಪ್ಪ ನನ್ನನ್ನು ಗಾದಿಯ ಮೇಲೆ ಕೂರಿಸಿದ. ವ್ಯಾಪಾರ ಕಲಿಯಲು ಮುಂಬೈ ಯಾಕೆ, ಎದುರಿಗೇ ಬೆಲ್ಲ ಇದೆಯಲ್ಲ ಎಂದ. ಆ ಹೊಟ್ಟೆಕಿಚ್ಚು ನನ್ನಲ್ಲಿ ಉಳಿಯಿತು. ಉಳಿಯಿತು ಏನು, ಬೆಳೆಯಿತು.

ದೊಡ್ಡ ಯುದ್ಧಕ್ಕೆ ಎರಡು ವರ್ಷ ಮೊದಲು ಅವನು ಬಿ.ಕಾಂ. ಆಗಿ ಬಂದ. ಗೋಕಾಕ ರೋಡ ಸ್ಟೇಷನ್ನಿನಲ್ಲಿ ಇಳಿದು, ಚಕ್ಕಡಿಯ ಮೇಲೆ ಒಂದು ಟ್ರಂಕು ಪುಸ್ತಕ ಹೇರಿಕೊಂಡು ಬಂದ. ಮೈ ಸಣ್ಣಗಾಗಿತ್ತು. ಹಾಸ್ಟೇಲಿನಲ್ಲಿ ಊಟದ ಗಂಟೆ ಹೊಡೆಯುವುದು ಹೊತ್ತು ಮುಳುಗಿದ ಮೇಲೆ, ಇವನು ಉಣ್ಣುವುದು ಮುಳುಗುವ ಮುಂಚೆ. ನಾಲ್ಕು ವರ್ಷ ಸಂಜೆ ಶೇಂಗಾ ಬಾಳೆಹಣ್ಣು ತಿಂದೇ ಪದವಿ ಪಡೆದೆ ಎಂದು ತಾನೇ ಹೇಳಿ ನಗುತ್ತಿದ್ದ.

ಬಂದ ಎಂಟು ದಿನಕ್ಕೆ ಅವನು ವಲ್ಲಿ ಬೇಡ ಎಂದ. ದರವನ್ನು ಎಲ್ಲರೆದುರು ಕೂಗಿ ಲಿಲಾವು ಮಾಡಬೇಕು, ಹಲಗೆಯ ಮೇಲೆ ಬರೆಯಬೇಕು, ರೈತನಿಗೆ ತನ್ನ ಮಾಲಿನ ಬೆಲೆ ಕಣ್ಣಿಗೆ ಕಾಣಬೇಕು ಎಂದ. ಅವನ ಅಪ್ಪ ಮೂರು ದಿನ ಮಾತಾಡಲಿಲ್ಲ. ನಾಲ್ಕನೆಯ ದಿನ ನಮಗೆಲ್ಲ ಕೇಳುವಂತೆ ಅಂದ: "ಒಂದ ಹಂಗಾಮ ನಿನ್ನ ಕೈಯಾಗ ಕೊಡ್ತೀನಿ. ನೀ ಕಲತದ್ದು ನಡದ್ರ ನಡೀಲಿ. ನಡೀಲಿಲ್ಲಂದ್ರ ಹಲಿಗಿ ಇಳಸು, ವಲ್ಲಿ ತಗೋ."

ಹಾಗೆ ಈ ಹಲಗೆ ಹುಟ್ಟಿತು. ಬಡಿಗ ಮಾಡಿಕೊಟ್ಟ, ಮಸಿ, ಅಗಸೆ ಎಣ್ಣೆ ಕಲಸಿ ಬಳಿದವನು ಅಣ್ಣನೇ. ಆ ಒಂದು ಹಂಗಾಮಿನ ಮೇಲೆ ಅವನದಷ್ಟೇ ಅಲ್ಲ, ಇನ್ನೂ ಕೆಲವರ ಕಣ್ಣಿತ್ತು. ಪೇಟೆಯ ಮೂರು ಮನೆಯವರು, ಇವನದು ನಡೆದರೆ ನಮ್ಮ ಹುಡುಗರನ್ನೂ ಆ ಓದಿಗೆ ಕಳಿಸೋಣ ಎಂದು ಕಾಯುತ್ತಿದ್ದರು. ಅಣ್ಣನ ಆಸೆ ಅದಕ್ಕಿಂತ ದೊಡ್ಡದು. ಗೋಕಾಕದಲ್ಲಿ ಒಂದು ವ್ಯಾಪಾರದ ಸಾಲೆ ತೆರೆಯಬೇಕು, ಮುಂಬೈಗೆ ಹೋಗಲಾಗದವರು ಅಲ್ಲಿ ಕಲಿಯಬೇಕು. ಒಂದು ಮಧ್ಯಾಹ್ನ ನಮ್ಮ ಅಂಗಡಿಗೆ ಬಂದು, ನಾನು ಬೆಲ್ಲದ ಪೆಂಟೆಗೆ ಹೆಬ್ಬೆರಳು ಒತ್ತಿ ಮೂಸಿ ನೋಡುವುದನ್ನೇ ನೋಡುತ್ತ ನಿಂತ.

"ತಮ್ಮಾ, ಇದನ್ನ ನನಗ ಯಾರೂ ಕಲಸಲಿಲ್ಲ. ಸಾಲಿ ತಗದ್ರ ನೀನೂ ಮಾಸ್ತರ ಆಗಬೇಕು. ಬೆಲ್ಲ ನೀ ಕಲಸು, ಉಳದದ್ದು ನಾ ಕಲಸ್ತೀನಿ."

ಹೂಂ ಎಂದೆ. ಅವನು ಹೋದ ಮೇಲೆ ನಮ್ಮಪ್ಪನೆದುರು ಅವನ ದನಿಯನ್ನೇ ಅಣಕಿಸಿ ತೋರಿಸಿದೆ. ಅಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ.

ಗಾಣ ಹೂಡಿದ ಮೇಲೆ ಮೊದಲ ತಿಂಗಳು ಜಾತ್ರೆಯಂತೆ ಜನ ಸೇರಿದರು. ಅಣ್ಣ ಹಲಗೆಯ ಪಕ್ಕ ನಿಂತು ದರ ಕೂಗುತ್ತಿದ್ದ, ಒಡೆಯನ ಹೆಸರಿನ ಮುಂದೆ ಸುಣ್ಣದ ಕಡ್ಡಿಯಿಂದ ದುಂಡಗೆ ಬರೆಯುತ್ತಿದ್ದ. ನಮ್ಮ ಅಂಗಡಿಯ ದರಕ್ಕಿಂತ ಅದು ಯಾವಾಗಲೂ ಹೆಚ್ಚು. ನಮ್ಮಲ್ಲಿ ನೊಣ ಹೊಡೆಯುತ್ತ ಕುಳಿತಿದ್ದೆವು.

ಆಗಲೇ ಒಬ್ಬ ಹೆಣ್ಣುಮಗಳ ಬೆಲ್ಲವೂ ಅಲ್ಲಿಗೆ ಹೋಯಿತು. ಘಟಪ್ರಭೆಯ ದಂಡೆಯ ಹಳ್ಳಿಯವಳು. ಗಂಡ ತೀರಿದ ಮೇಲೆ ಅವನ ಪಾಲಿನ ಹೊಲದಲ್ಲಿ ತಾನೇ ಕಬ್ಬು ಮಾಡಿಸುತ್ತಿದ್ದಳು. ಬಂದ ಹಣವನ್ನು ಮಾತ್ರ ಗಂಡನ ಅಣ್ಣ, ಅಂದರೆ ಅವಳ ಭಾವ, ಪೂರ್ತಿ ಕಸಿದುಕೊಳ್ಳುತ್ತಿದ್ದ. ಅವಳಿಗೊಬ್ಬಳು ಮಗಳು, ಎಂಟು ವರ್ಷದವಳು. ಮೈಲಿ ಎದ್ದು ಒಂದು ಕಣ್ಣು ಹೋಗಿತ್ತು, ಇನ್ನೊಂದರಲ್ಲಿ ಹೂ ಕೂಡುತ್ತಿತ್ತು. ಈ ಚಳಿಗಾಲದೊಳಗೆ ಮಿರಜದ ಆಸ್ಪತ್ರೆಗೆ ತಂದರೆ ಆ ಕಣ್ಣು ಉಳಿಸಬಹುದು ಎಂದು ಡಾಕ್ಟರು ಹೇಳಿದ್ದರು. ಹೆಣ್ಣು ಕೂಸಿನ ಕಣ್ಣಿಗೆ ದುಡ್ಡು ಯಾಕೆ ಎಂದಿದ್ದನಂತೆ ಭಾವ. ಹಿಂದಿನ ಎರಡು ಹಂಗಾಮಿನಲ್ಲಿ ನಾವು ವಲ್ಲಿಯ ಕೆಳಗೆ ಒಂದು ದರ ಹಿಡಿದು, ಭಾವನಿಗೆ ಮುಟ್ಟುವಂತೆ ಅದಕ್ಕಿಂತ ಕಡಿಮೆ ದರ ಹೇಳುತ್ತಿದ್ದೆವು. ಉಳಿದದ್ದನ್ನು ಅವಳು ಸಂತೆಯ ದಿನ ಉಪ್ಪು ಕೊಳ್ಳುವ ನೆಪದಲ್ಲಿ ಬಂದು ಸೆರಗಿನಲ್ಲಿ ಕಟ್ಟಿಕೊಂಡು ಹೋಗುತ್ತಿದ್ದಳು. ನಮ್ಮಪ್ಪ ಮಾಡಿದ ಪುಣ್ಯದ ಕೆಲಸ ಅದೊಂದೇ ಇರಬೇಕು. ಇನ್ನೊಂದು ಹಂಗಾಮಿನದು ಕೂಡಿದರೆ ಮಿರಜದ ಖರ್ಚಿಗೆ ಸಾಕಾಗುತ್ತಿತ್ತು.

ಹಲಗೆಯ ಸುದ್ದಿ ಕೇಳಿ ಭಾವ, ಈ ಸಲದ ಬೆಲ್ಲ ಅಲ್ಲೇ ಇಳಿಯಲಿ ಎಂದ. ಇಳಿಯಿತು. ದರ ಬರೆಯುವಾಗ ಅವನು ಹಲಗೆಯ ಎದುರೇ ನಿಂತಿದ್ದ. ಅವಳು ಚಕ್ಕಡಿಯ ಹಿಂದೆ ನಿಂತಿದ್ದಳು. ನಾನು ನಮ್ಮ ಕಟ್ಟೆಯ ಮೇಲಿಂದ ಎಲ್ಲ ನೋಡಿದೆ.

ವಲ್ಲಿ ಬೇಕಾಗಿದ್ದುದು ಅವಳೊಬ್ಬಳಿಗೇ ಅಲ್ಲ. ಎಲ್ಲರವೂ ಕೂಡಿದ ಮನೆಗಳು, ಹಣ ಹಿರಿಯರ ಕೈಯಲ್ಲಿ. ಒಬ್ಬ ತನ್ನ ಹಿರಿಯಣ್ಣನಿಗೆ ತಿಳಿಯದಂತೆ ತಂಗಿಯ ಬಾಣಂತನಕ್ಕೆ ಕೊಡಬೇಕು, ಇನ್ನೊಬ್ಬ ಅಪ್ಪನ ಕಣ್ಣು ತಪ್ಪಿಸಿ ಮಗನ ಸಾಲೆಗೆ ಎತ್ತಿಡಬೇಕು. ದರವನ್ನು ಊರೆಲ್ಲ ಓದಿದರೆ ಮುಗಿಯಿತು, ಸಂಜೆ ಮನೆಯಲ್ಲಿ ಪೈಪೈಗೆ ಜವಾಬು ಕೊಡಬೇಕು. ದಲಾಲಿಯವನು ಅಷ್ಟಿಷ್ಟು ತಿಂದರೆ ತಿನ್ನಲಿ, ಗುಟ್ಟು ಉಳಿದರೆ ಸಾಕು ಎಂದು ಅವರ ಲೆಕ್ಕ. ತಮ್ಮಿಷ್ಟದಂತೆ ಚಕ್ಕಡಿ ತಿರುಗಿಸಬಲ್ಲವರು ಒಬ್ಬೊಬ್ಬರಾಗಿ ನಮ್ಮ ಕಡೆ ತಿರುಗಿಸಿದರು. ಸಂಕ್ರಾಂತಿಯ ಹೊತ್ತಿಗೆ ಅಣ್ಣನ ಅಂಗಡಿಯ ಮುಂದೆ ನೆಲ ಕಾಣತೊಡಗಿತು.

ಒಂದು ದಿನ ನನ್ನ ಹತ್ತಿರ ಬಂದ. ಮುಖ ಒಣಗಿತ್ತು.

"ತಮ್ಮಾ, ದರ ನನ್ನಲ್ಲೇ ಹೆಚ್ಚೈತಿ. ತೂಕ ಖರೆ ಐತಿ. ಆದ್ರೂ ಚಕ್ಕಡಿ ನಿನ್ನ ಕಡೆ ಬರಾಕತ್ತಾವು. ನನಗ ತಿಳೀವಲ್ದು. ನಿನಗೇನರ ಗೊತ್ತೈತೇನು?"

ಗೊತ್ತಿತ್ತು. ಎಲ್ಲ ಗೊತ್ತಿತ್ತು. ಆ ಕೂಸಿನ ಕಣ್ಣೂ ಗೊತ್ತಿತ್ತು, ಚಳಿಗಾಲ ಇನ್ನೂ ಮುಗಿದಿರಲಿಲ್ಲ. ಒಂದು ಮಾತು ಹೇಳಿದ್ದರೆ ಅವನು ಏನಾದರೂ ದಾರಿ ಹುಡುಕುತ್ತಿದ್ದ, ತನ್ನ ಜೇಬಿನಿಂದಾದರೂ ಕೊಡುತ್ತಿದ್ದ. ನಾನೇ ಕೊಡಬಹುದಿತ್ತಲ್ಲ, ಅದು ಆಗ ಹೊಳೆಯಲೂ ಇಲ್ಲ. ಮುಂಬೈ ಹೇಳಿಕೊಡಲಿಲ್ಲವೇ ಇದನ್ನು ಎಂದು ಒಳಗೊಳಗೇ ಕುಣಿಯುತ್ತಿದ್ದೆ.

"ಜನಾ ಹಳೇ ರೂಢಿ ಬಿಡಂಗಿಲ್ರಿ ಅಣ್ಣಾರ," ಎಂದೆ.

ಅವನು ತಲೆಯಾಡಿಸಿದ. ನನ್ನ ಮಾತನ್ನು ನಂಬಿದ. ಮರುದಿನದಿಂದ ಹಳ್ಳಿ ಹಳ್ಳಿಗೆ ನಡೆದು, ಕಟ್ಟೆಯ ಮೇಲೆ ಜನರನ್ನು ಕೂಡಿಸಿ, ಬಯಲು ಲಿಲಾವಿನ ಲಾಭ ತಿಳಿಸಿ ಹೇಳತೊಡಗಿದ. ಅವರು ಮಜ್ಜಿಗೆ ಕೊಟ್ಟು, ಮಾತು ಕೇಳಿ, ಮತ್ತೆ ನಮ್ಮಲ್ಲಿಗೇ ಬಂದರು...

ಹೋಳಿ ಹುಣ್ಣಿವೆ ಮುಗಿದ ಮೇಲೆ ಒಂದು ಮಟಮಟ ಮಧ್ಯಾಹ್ನ ಆ ಹೆಣ್ಣುಮಗಳು ಮಗಳ ಕೈ ಹಿಡಿದುಕೊಂಡು ಬಂದಳು. ನಮ್ಮ ಅಂಗಡಿಗಲ್ಲ. ಹಲಗೆಯ ಮುಂದೆ ಹೋಗಿ ನಿಂತಳು. ಅಣ್ಣ ಎದ್ದು ಬಂದು, ಏನವಾ ಎಂದ.

"ನೀವು ಇದರ ಮ್ಯಾಲ ಬರದದ್ದು ನಮ್ಮ ಭಾವ ಓದಿದ್ರು. ಒಂದ ಪೈ ಬಿಡಲಿಲ್ಲ, ಎಲ್ಲಾ ತಗೊಂಡ್ರು. ಇಕೀನ ಮಿರಜಕ್ಕ ಒಯ್ಯಾಕ ಆಗಲಿಲ್ರಿ. ಈಗ ನೀವು ಎಷ್ಟ ದೊಡ್ಡದಾಗಿ ಬರದ್ರೂ ಇಕೀಗೆ ಕಾಣಂಗಿಲ್ಲ."

ದನಿ ಏರಿಸಲಿಲ್ಲ ಅವಳು. ಅಣ್ಣ ಕೂಸಿನ ಮುಖ ನೋಡಿದ. ಅದು ಹಲಗೆಯ ಕಡೆ ಕೈ ಚಾಚಿ ತಡವುತ್ತಿತ್ತು, ಸುಣ್ಣ ಬೆರಳಿಗೆ ಹತ್ತುತ್ತಿತ್ತು.

"ಮೊದಲ ಯಾಕ ಹೇಳಲಿಲ್ಲವಾ ನನಗ?"

"ನಿಮ್ಮ ಗುರುತ ನನಗೆಲ್ಲಿ ಇತ್ರಿ? ಬಾಜೂ ಅಂಗಡಿಯವರಿಗೆ ಎಲ್ಲಾ ಗೊತ್ತಿತ್ತು. ಅವರ ಹೇಳಿರ್ತಾರ ಅಂದ್ಕೊಂಡಿದ್ನಿ."

ಆಗ ಅಣ್ಣ ನನ್ನ ಕಡೆ ತಿರುಗಿ ನೋಡಿದ. ನಾನು ತಕ್ಕಡಿಯ ತಟ್ಟೆಯನ್ನು ಒರೆಸತೊಡಗಿದೆ. ಅದು ಸ್ವಚ್ಛವೇ ಇತ್ತು. ಬೈದಿದ್ದರೆ ಬೈಸಿಕೊಳ್ಳುತ್ತಿದ್ದೆ, ಕಪಾಳಕ್ಕೆ ಹೊಡೆದಿದ್ದರೆ ಇಂದು ಇಷ್ಟು ಬರೆಯುವ ಕೆಲಸವೂ ಇರುತ್ತಿರಲಿಲ್ಲ.

ಮರುದಿನ ಅಣ್ಣ ತಾನೇ ಚಕ್ಕಡಿ ಕಟ್ಟಿಸಿ ತಾಯಿ ಮಗಳನ್ನು ಮಿರಜಕ್ಕೆ ಕರೆದುಕೊಂಡು ಹೋದ. ಐದನೆಯ ದಿನ ಮೂವರೂ ತಿರುಗಿ ಬಂದರು. ಕಣ್ಣು ಉಳಿಸುವ ಹೊತ್ತು ಮೀರಿತ್ತು. ಬಂದವನೇ ಹಲಗೆ ಇಳಿಸಿದ. ಅವನ ಅಪ್ಪ ವಲ್ಲಿ ಕೊಡಲು ಬಂದರೆ ಅದನ್ನೂ ಮುಟ್ಟಲಿಲ್ಲ. ಮಳೆಗಾಲಕ್ಕೆ ಮೊದಲೇ ಅಂಗಡಿಯ ಬಾಗಿಲು ಮುಚ್ಚಿತು. ಊರು ಬಿಡುವ ದಿನ ಹಲಗೆಯನ್ನು ತಾನೇ ಹೊತ್ತು ತಂದು ನಮ್ಮ ಕಟ್ಟೆಗೆ ಒರಗಿಸಿದ.

"ಇದು ನಿನ್ನ ಹತ್ರ ಇರಲಿ ತಮ್ಮಾ," ಎಂದಷ್ಟೇ ಹೇಳಿದ.

ಮೂರು ಮನೆಯವರೂ ತಮ್ಮ ಹುಡುಗರನ್ನು ಗಾದಿಯ ಮೇಲೆ ಕೂರಿಸಿದರು. ಮುಂದೆ ಎಷ್ಟೋ ವರ್ಷ ಯಾರಾದರೂ ಕಾಮರ್ಸ್ ಎಂದರೆ ಸಾಕು, ಬೆಲ್ಲ ಮಾರಲು ಬಾರದ ಬಿ.ಕಾಂ. ಕಥೆ ಹೇಳಿ ನಗುತ್ತಿದ್ದರು. ನಾನೂ ಹೇಳಿದ್ದೇನೆ. ಗೋಕಾಕದ ಸಾಲೆ ಅವನ ಬಾಯಲ್ಲೇ ಉಳಿಯಿತು. ಅವನು ಕಲಿತು ಬಂದದ್ದರಲ್ಲಿ ಸುಳ್ಳೇನೂ ಇರಲಿಲ್ಲ, ಇದನ್ನು ನಾನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ. ವಲ್ಲಿಯ ಕೆಳಗೆ ನಾವು ತಿಂದದ್ದು ಖರೆ. ಅವನಿಗೆ ಗೊತ್ತಿಲ್ಲದ್ದು ಒಂದಿತ್ತು, ಅದನ್ನು ಅವನು ಬಾಯಿಬಿಟ್ಟು ಕೇಳಿದ. ಕಲಿಸಬೇಕಾದವನು ನಾನು.

ಯುದ್ಧ ಶುರುವಾದ ಮೇಲೆ ಅವನು ಹುಕ್ಕೇರಿಯಲ್ಲಿ ರೇಶನ್ ಕಚೇರಿಯ ಕಾರಕೂನನಾದ. ಹತ್ತರಗಿಯಲ್ಲಿ ಮೋಟಾರಿಗೆ ಕಾಯುತ್ತ ನಿಂತಾಗ ಒಮ್ಮೆ ಸಿಕ್ಕಿದ. ಕೂದಲು ನೆರೆತಿತ್ತು, ಮೂವತ್ತೂ ಮುಗಿದಿತ್ತೋ ಇಲ್ಲವೋ. ಮನೆಯವರನ್ನೆಲ್ಲ ವಿಚಾರಿಸಿದ. ಮೋಟಾರು ಬಂದಾಗ, ಸಾಲೆಯೊಂದು ತೆರೆಯಬೇಕಾಗಿತ್ತು ಎಂದ. ತಪ್ಪಾಯಿತು ಅಣ್ಣಾ ಎನ್ನಲು ನಾನು ಬಾಯಿ ತೆರೆಯುವಷ್ಟರಲ್ಲಿ... ಇಲ್ಲ, ತೆರೆಯಲೇ ಇಲ್ಲ. ಎರಡು ವರ್ಷದ ಮೇಲೆ ಅವನು ಕಾಮಾಲೆಯಿಂದ ಹೋದ. ಸುದ್ದಿ ನಮಗೆ ಮುಟ್ಟಿದಾಗ ದಿನಕರ್ಮಗಳೂ ಮುಗಿದಿದ್ದವು.

ಮೊಮ್ಮಗಳಿಗೆ ನಾನು ಹಲಗೆಯ ಕಥೆ ಹೇಳಿದೆ, ವಲ್ಲಿಯ ಕಥೆ ಹೇಳಿದೆ. ಬೆರಳು ಹಿಡಿಯುವುದನ್ನು ಅವಳ ಕೈ ಹಿಡಿದೇ ತೋರಿಸಿದೆ. ಕೂಸಿನ ಕಥೆಗೆ ಬರುವ ಮೊದಲೇ ಅವಳು ಕೇಳಿದಳು.

"ದರ ಹೆಚ್ಚ ಕೊಡ್ತಿದ್ರಲ್ಲ ಅಜ್ಜಾ, ಮತ್ತ ಹಲಿಗಿ ಯಾಕ ನಡೀಲಿಲ್ಲ?"

ನಾನು ಅಂದೆ: "ಜನಾ ಹಳೇ ರೂಢಿ ಬಿಡಂಗಿಲ್ಲವಾ."

ಅವಳ ಮುಖ ಅರಳಿತು. ಹೊಸದಕ್ಕೆ ಜನ ತೋರುವ ವಿರೋಧ, ಅದಕ್ಕೆಂದೇ ಅವರ ಪುಸ್ತಕದಲ್ಲಿ ಒಂದು ಅಧ್ಯಾಯ ಇದೆಯಂತೆ. ವಹಿ ತಂದು ನನ್ನ ಮಾತನ್ನು ನಾನು ಹೇಳಿದಂತೆಯೇ ಬರೆದುಕೊಂಡಳು. ಕೆಳಗೆ ಎರಡು ಗೆರೆ ಎಳೆದಳು.

ಅವಳು ಪುಣೆಗೆ ಹೋಗಿ ತಿಂಗಳಾಯಿತು. ಹಲಗೆ ಅಂಗಳದಲ್ಲೇ ಗೋಡೆಗೆ ಒರಗಿದೆ. ನಿನ್ನೆ ಫೋನು ಬಂತು. ನಮ್ಮ ಪೇಟೆಯ ಬಗ್ಗೆ ಅವಳು ಬರೆದುಕೊಟ್ಟದ್ದಕ್ಕೆ ತರಗತಿಯಲ್ಲೇ ಎಲ್ಲರಿಗಿಂತ ಹೆಚ್ಚು ಅಂಕ ಬಂದವಂತೆ. ಮುಂದಿನ ವರ್ಷದ ಹುಡುಗರಿಗೂ ಅದನ್ನೇ ಓದಿಸುತ್ತಾರಂತೆ.

ಶಾಬಾಸ್ ಎಂದೆ.